ಮೊಟ್ಟೆ ನೀಲಿ, ಹಾಲು ಕೆಂಪು: ಎರಡು ಪ್ರೋಟೀನ್‌ಗಳಿಗೆ ವಿಭವದ ಬಣ್ಣ ಹಚ್ಚಿದ ದಿನಚರಿ

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ಪೋಸ್ಟರ್ ಬೇಕಿತ್ತು. ಅಗಲ ಮೂರಡಿ, ಎತ್ತರ ಎರಡಡಿ. ಅದರ ಮೇಲೆ ಎರಡೇ ಚಿತ್ರ. ಎಡಗಡೆ ಕೋಳಿಮೊಟ್ಟೆಯ ಬಿಳಿಭಾಗದಲ್ಲಿರುವ ಲೈಸೊಝೈಮ್. ಬಲಗಡೆ ತಾಯಿಹಾಲಿನಲ್ಲಿರುವ ಆಲ್ಫಾ-ಲ್ಯಾಕ್ಟಾಲ್ಬುಮಿನ್. ಇವೆರಡರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಆದರೆ ಒಂದರ ಮೈಮೇಲೆ ಧನ ಚಾರ್ಜ್ ಜಾಸ್ತಿ, ಇನ್ನೊಂದರ ಮೈಮೇಲೆ ಋಣ ಚಾರ್ಜ್ ಜಾಸ್ತಿ. ಆ ಚಾರ್ಜ್‌ಗಳಿಂದ ಸುತ್ತಲಿನ ಒಂದೊಂದು ಬಿಂದುವಿನಲ್ಲೂ ಉಂಟಾಗುವ ವಿದ್ಯುತ್ ಒತ್ತಡಕ್ಕೆ ವಿಭವ ಅನ್ನುತ್ತಾರೆ, ವೋಲ್ಟಿನಲ್ಲಿ ಅಳೆಯೋದು ಅದನ್ನೇ. ದೂರದಿಂದ ನೋಡಿದವರಿಗೂ ಆ ವ್ಯತ್ಯಾಸ ಬಣ್ಣದಲ್ಲೇ ಗೊತ್ತಾಗಬೇಕು ಅನ್ನೋದು ನನ್ನ ಆಸೆ.

ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ. ನಾಲ್ಕು ವಾರಾಂತ್ಯ ಹಿಡಿಯಿತು. ಎಲ್ಲೆಲ್ಲಿ ತಪ್ಪಿತು, ಹೇಗೆ ಸರಿ ಮಾಡಿದೆ ಅನ್ನೋದನ್ನ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರಿಗೆ ಉಪಯೋಗವಾದೀತು.

ಈ ಎರಡೇ ಪ್ರೋಟೀನ್ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಲೈಸೊಝೈಮ್ ಅಂದರೆ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುವ ಕಿಣ್ವ. ನಮ್ಮ ಕಣ್ಣೀರಿನಲ್ಲಿ, ಮೂಗಿನ ಸಿಂಬಳದಲ್ಲೂ ಇದೆ. 1922ರಲ್ಲಿ ಇದರ ಬಗ್ಗೆ ಬರೆದವರು ಅಲೆಕ್ಸಾಂಡರ್ ಫ್ಲೆಮಿಂಗ್, ಪೆನಿಸಿಲಿನ್‌ಗಿಂತ ಎಷ್ಟೋ ಮೊದಲು. 1965ರಲ್ಲಿ ಡೇವಿಡ್ ಫಿಲಿಪ್ಸ್ ಗುಂಪು ಲಂಡನ್ನಿನಲ್ಲಿ ಇದರ ಮೂರು ಆಯಾಮದ ರಚನೆ ಬಿಡಿಸಿತು. ಎಕ್ಸ್-ರೇಯಿಂದ ರಚನೆ ಗೊತ್ತಾದ ಮೊದಲ ಕಿಣ್ವ ಇದೇ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಎಂ. ವಿಜಯನ್ ಅವರ ಗುಂಪು ಲೈಸೊಝೈಮ್ ಹರಳುಗಳ ತೇವ ಕಡಿಮೆ ಮಾಡಿ, ನೀರು ಹೋದಾಗ ಪ್ರೋಟೀನ್ ಹೇಗೆ ಸರಿದುಕೊಳ್ಳುತ್ತದೆ ಅಂತ ಬಹಳ ಕೆಲಸ ಮಾಡಿದೆ.

ಆಲ್ಫಾ-ಲ್ಯಾಕ್ಟಾಲ್ಬುಮಿನ್ ಯಾವ ಗೋಡೆಯನ್ನೂ ಕತ್ತರಿಸುವುದಿಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ತಯಾರಾಗುವಾಗ ಇನ್ನೊಂದು ಕಿಣ್ವಕ್ಕೆ ಸಹಾಯ ಮಾಡುತ್ತದೆ, ಅಷ್ಟೇ. ಆದರೆ ಇದರ ಅಮೈನೋ ಆಮ್ಲಗಳ ಸಾಲು ಲೈಸೊಝೈಮ್‌ಗೆ ಬಹಳ ಹೋಲುತ್ತದೆ. ಎರಡರಲ್ಲೂ ನಾಲ್ಕು ಗಂಧಕದ ಕೊಂಡಿಗಳಿವೆ. 1969ರಲ್ಲಿ ಬ್ರೌನ್, ಫಿಲಿಪ್ಸ್ ಮತ್ತಿತರರು ಬರೀ ಈ ಹೋಲಿಕೆ ನಂಬಿ, ಲೈಸೊಝೈಮ್ ಮಾದರಿಯ ಮೇಲೇ ಲ್ಯಾಕ್ಟಾಲ್ಬುಮಿನ್‌ನ ಮಾದರಿ ಕಟ್ಟಿದರು. ಇಪ್ಪತ್ತು ವರ್ಷ ಆದಮೇಲೆ, 1989ರಲ್ಲಿ, ಬಬೂನ್ ಕೋತಿಯ ಹಾಲಿನ ಲ್ಯಾಕ್ಟಾಲ್ಬುಮಿನ್‌ನ ವಿವರವಾದ ರಚನೆ ಪ್ರಕಟವಾಯಿತು. ಪ್ರೋಟೀನಿನ ಸರಪಳಿ ಮಡಿಚಿಕೊಂಡ ರೀತಿ ಅವರು ಹೇಳಿದ್ದ ಹಾಗೇ ಇತ್ತು. ಈ ಕಥೆ ಪಾಠ ಮಾಡುವಾಗಲೆಲ್ಲ ನನಗೆ ಖುಷಿಯಾಗುತ್ತದೆ. ಪೋಸ್ಟರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಬೇಕಾ?

ಮೊದಲ ಶನಿವಾರ: ಒಂದು ಗುಂಡಿ, ಒಂದು ಚಿತ್ರ

ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ ಲೈಸೊಝೈಮ್‌ನ 1ಎಕೆಐ ಅನ್ನುವ ಕಡತ ಇಳಿಸಿಕೊಂಡೆ. ಹಾಲಿನ ಪ್ರೋಟೀನಿಗೆ 1ಬಿ9ಒ. ಅಣುಗಳ ಚಿತ್ರ ಬಿಡಿಸುವ ತಂತ್ರಾಂಶ ಕೈಮೆರಾಎಕ್ಸ್. ಅದರಲ್ಲಿ ಮೇಲ್ಗಡೆ ಪಟ್ಟಿಯಲ್ಲೇ ಎಲೆಕ್ಟ್ರೋಸ್ಟ್ಯಾಟಿಕ್ ಅಂತ ಒಂದು ಗುಂಡಿ ಇದೆ. ಒತ್ತಿದೆ. ಕೆಲವೇ ಸೆಕೆಂಡಿನಲ್ಲಿ ಲೈಸೊಝೈಮ್ ಮೈತುಂಬ ನೀಲಿ ಹೊದ್ದುಕೊಂಡು ನಿಂತಿತು, ನಡುವಿನ ಸೀಳಿನಲ್ಲಿ ಮಾತ್ರ ಸ್ವಲ್ಪ ಕೆಂಪು.

ಚಿತ್ರ ಚೆನ್ನಾಗಿತ್ತು. ಸೋಮವಾರ ಸ್ಟಾಫ್ ರೂಮಿನಲ್ಲಿ ತೋರಿಸಿದೆ. ಫಿಸಿಕ್ಸ್ ಮೇಷ್ಟ್ರು ಎರಡು ಪ್ರಶ್ನೆ ಕೇಳಿದರು.

"ಮೇಡಂ, ಮಲ್ಟಿಮೀಟರಿನಲ್ಲಿ ಕೆಂಪು ವೈರ್ ಪ್ಲಸ್ ಅಲ್ವಾ? ಇಲ್ಲಿ ಕೆಂಪು ಮೈನಸ್ ಅಂತೀರಲ್ಲ?"

ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ರಸಾಯನಶಾಸ್ತ್ರದ ಮಾದರಿಗಳಲ್ಲಿ ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ. ಪ್ರೋಟೀನಿನಲ್ಲಿ ಋಣ ಚಾರ್ಜ್ ಇರುವ ಆಮ್ಲಗಳ ತುದಿಯಲ್ಲಿ ಆಮ್ಲಜನಕ, ಧನ ಚಾರ್ಜ್ ಇರುವ ಲೈಸೀನ್, ಆರ್ಜಿನೀನ್ ತುದಿಯಲ್ಲಿ ಸಾರಜನಕ. ಹಾಗಾಗಿ ಕೆಂಪು ಋಣ, ನೀಲಿ ಧನ ಅಂದರೆ ಮಕ್ಕಳಿಗೆ ನೆನಪು ಉಳಿಯುತ್ತದೆ. 1990ರ ದಶಕದಲ್ಲಿ ಗ್ರಾಸ್ಪ್ ಅನ್ನುವ ತಂತ್ರಾಂಶ ಈ ಕೆಂಪು-ಬಿಳಿ-ನೀಲಿ ಮೇಲ್ಮೈ ಚಿತ್ರವನ್ನು ಎಲ್ಲ ಕಡೆ ಮುಟ್ಟಿಸಿತು. ಆಂಥೋನಿ ನಿಕೋಲ್ಸ್, ಕಿಮ್ ಶಾರ್ಪ್, ಬ್ಯಾರಿ ಹೋನಿಗ್ ಮಾಡಿದ್ದು ಅದು.

ಎರಡನೇ ಪ್ರಶ್ನೆ: "ನೀಲಿ ಅಂದ್ರೆ ಎಷ್ಟು? ವೋಲ್ಟಿನಲ್ಲಿ ಹೇಳಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪೋಸ್ಟರಿನ ಕೆಲಸ ನಿಜವಾಗಿ ಶುರುವಾಗಿದ್ದು ಆ ಪ್ರಶ್ನೆಯಿಂದ.

ಬಣ್ಣದ ಹಿಂದಿನ ಅಳತೆ

ಮನೆಗೆ ಬಂದು ನೋಡಿದೆ. ಆ ಗುಂಡಿ ಒತ್ತಿದಾಗ ತಂತ್ರಾಂಶ ಲೆಕ್ಕ ಹಾಕೋದು ಸುಮ್ನೆ ಕೂಲಂಬ್ ನಿಯಮದಿಂದ, ಅಂದರೆ ಎರಡು ಚಾರ್ಜ್‌ಗಳ ನಡುವಿನ ಬಲದ ನಿಯಮದಿಂದ. ಸುತ್ತಲಿನ ನೀರು, ಉಪ್ಪು ಎಲ್ಲ ಲೆಕ್ಕಕ್ಕಿಲ್ಲ. ಅವುಗಳ ಬದಲು, ದೂರ ಹೋದಂತೆ ಬಲ ಬೇಗ ಕುಗ್ಗುವ ಹಾಗೆ ಒಂದು ಸರಳ ಹೊಂದಾಣಿಕೆ ಇದೆ. ಬಣ್ಣದ ಮಿತಿ −10ರಿಂದ +10. ಯೂನಿಟ್ಟು, ಒಂದು ಮೋಲ್ ಚಾರ್ಜಿಗೆ ಇಷ್ಟು ಕಿಲೋಕ್ಯಾಲರಿ ಅಂತ.

ಪ್ರಬಂಧಗಳಲ್ಲಿ ನೋಡುವ ಚಿತ್ರಗಳ ಕೆಳಗೆ ಮಾತ್ರ ಬೇರೆ ಯೂನಿಟ್ ಇರುತ್ತದೆ: ಕೆಟಿ ಭಾಗಿಸು ಇ. ಕೆ ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ತಾಪಮಾನ, ಇ ಎಲೆಕ್ಟ್ರಾನಿನ ಚಾರ್ಜ್. 25 ಡಿಗ್ರಿಯಲ್ಲಿ ಒಂದು ಕೆಟಿ/ಇ ಅಂದರೆ 25.7 ಮಿಲಿವೋಲ್ಟ್. ಅಲ್ಲಿ ಮಾಮೂಲಾಗಿ ಹಾಕೋ ಮಿತಿ −5ರಿಂದ +5. ಅಂದರೆ ಕಡು ನೀಲಿ ಬಂದಾಗ ಸುಮಾರು 128 ಮಿಲಿವೋಲ್ಟ್, ಟಾರ್ಚ್ ಸೆಲ್ಲಿನ ಹತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಅಣುವಿನ ಅಳತೆಯಲ್ಲಿ ಅದು ದೊಡ್ಡದು. ಬಿಸಿಯಿಂದ ಅಣುಗಳು ಕುಣಿಯುವ ಶಕ್ತಿಯ ಐದು ಪಟ್ಟು ಅದು.

ಈಗ ಎರಡೂ ಯೂನಿಟ್ ಪಕ್ಕಪಕ್ಕ ಇಡಿ. 10 ಕಿಲೋಕ್ಯಾಲರಿ ಅಂದರೆ ಸುಮಾರು 17 ಕೆಟಿ. ಒಂದು ಚಿತ್ರದಲ್ಲಿ 17ಕ್ಕೆ ಬರುವ ಕಡು ನೀಲಿ ಇನ್ನೊಂದರಲ್ಲಿ 5ಕ್ಕೇ ಬಂದುಬಿಡುತ್ತದೆ. ಎರಡರ ಕೆಳಗೂ ಬರೀ "ನೀಲಿ: ಧನ" ಅಂತ ಬರೆದರೆ ನೋಡುವವರು ಏನು ಹೋಲಿಸಿದ ಹಾಗಾಯಿತು? ನಾನು ಅಲ್ಲಿವರೆಗೆ ಮಕ್ಕಳಿಗೆ ತೋರಿಸಿದ್ದ ಚಿತ್ರಗಳೆಲ್ಲ ಹೀಗೇ, ಅಳತೆಪಟ್ಟಿ ಇಲ್ಲದವು.

ಹಾಗಾಗಿ ತೀರ್ಮಾನ ಮಾಡಿದೆ. ನೀರು, ಉಪ್ಪು ಸೇರಿಸಿ ಪಾಯ್ಸನ್-ಬೋಲ್ಟ್ಸ್‌ಮನ್ ಸಮೀಕರಣದಿಂದಲೇ ಲೆಕ್ಕ ಹಾಕಬೇಕು. ಎರಡೂ ಪ್ರೋಟೀನಿಗೆ ಒಂದೇ ಮಿತಿ, ಒಂದೇ ಉಪ್ಪು, ಒಂದೇ ಪಿಎಚ್. ಅದಕ್ಕೆ ಬೇಕಾದ ಎರಡು ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ: ಚಾರ್ಜ್ ಹಚ್ಚಲು ಪಿಡಿಬಿ2ಪಿಕ್ಯುಆರ್, ಸಮೀಕರಣ ಬಿಡಿಸಲು ಎಪಿಬಿಎಸ್.

ಚಾರ್ಜ್ ಹಚ್ಚುವುದು

ಎಕ್ಸ್-ರೇ ರಚನೆಯಲ್ಲಿ ಸಾಮಾನ್ಯವಾಗಿ ಜಲಜನಕ ಕಾಣುವುದಿಲ್ಲ. 1ಎಕೆಐ ಕಡತದಲ್ಲಿ ಪ್ರೋಟೀನಿನ 1001 ಪರಮಾಣುಗಳಿವೆ, ಜಲಜನಕ ಒಂದೂ ಇಲ್ಲ. ಪಿಡಿಬಿ2ಪಿಕ್ಯುಆರ್ ಅವನ್ನು ಸೇರಿಸುತ್ತದೆ. ಕೊಟ್ಟ ಪಿಎಚ್‌ನಲ್ಲಿ ಯಾವ ಆಮ್ಲ ಪ್ರೋಟಾನ್ ಇಟ್ಟುಕೊಂಡಿರುತ್ತದೆ, ಯಾವುದು ಬಿಟ್ಟಿರುತ್ತದೆ ಅಂತ ಪ್ರೋಪ್ಕಾ ಅನ್ನುವ ಇನ್ನೊಂದು ತಂತ್ರಾಂಶದ ಸಹಾಯದಿಂದ ಅಂದಾಜು ಮಾಡುತ್ತದೆ. ಪಿಎಚ್ 7 ಕೊಟ್ಟೆ. 959 ಜಲಜನಕ ಸೇರಿ ಒಟ್ಟು 1960 ಪರಮಾಣು ಆಯಿತು.

ಹೊರಬರುವ ಕಡತ ತೆರೆದು ನೋಡಿ, ತುಂಬ ಸರಳ. ಒಂದು ಸಾಲಿಗೆ ಒಂದು ಪರಮಾಣು. ಸಾಲಿನ ಕೊನೆಯಲ್ಲಿ ಎರಡು ಸಂಖ್ಯೆ, ಒಂದು ಚಾರ್ಜ್, ಇನ್ನೊಂದು ತ್ರಿಜ್ಯ. ಉದಾಹರಣೆಗೆ ಆಂಬರ್ ಅನ್ನುವ ಸಿದ್ಧ ಚಾರ್ಜ್ ಪಟ್ಟಿಯ ಪ್ರಕಾರ ಆಸ್ಪಾರ್ಟಿಕ್ ಆಮ್ಲದ ತುದಿಯ ಎರಡು ಆಮ್ಲಜನಕಗಳಿಗೆ ತಲಾ −0.8014, ಅವುಗಳ ನಡುವಿನ ಇಂಗಾಲಕ್ಕೆ +0.7994. ಆ ಇಡೀ ಅಮೈನೋ ಆಮ್ಲದ ಎಲ್ಲ ಪರಮಾಣುಗಳನ್ನು ಕೂಡಿದರೆ ಸರಿಯಾಗಿ −1 ಬರುತ್ತದೆ. ನಾನು ಒಂದು ಸಲ ಕಾಗದದ ಮೇಲೆ ಕೂಡಿ ನೋಡಿದೆ. ಮಕ್ಕಳ ಕೈಲೂ ಕೂಡಿಸಿದೆ. ಬಣ್ಣ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗೋಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಇಡೀ ಲೈಸೊಝೈಮ್‌ನ ಮೊತ್ತ +8 ಬಂತು. ಅದನ್ನೂ ಕೈಯಲ್ಲೇ ತಾಳೆ ನೋಡಬಹುದು. 11 ಆರ್ಜಿನೀನ್, 6 ಲೈಸೀನ್, ಒಟ್ಟು +17. 7 ಆಸ್ಪಾರ್ಟಿಕ್, 2 ಗ್ಲುಟಾಮಿಕ್, ಒಟ್ಟು −9. ಇರುವ ಒಂದೇ ಹಿಸ್ಟಿಡೀನ್ ಪಿಎಚ್ 7ರಲ್ಲಿ ತಟಸ್ಥ. ಲೆಕ್ಕ ಸರಿಹೋಯಿತು. ಈ ಮೊತ್ತ ಪೂರ್ಣಾಂಕ ಬರದಿದ್ದರೆ ಎಲ್ಲೋ ಪರಮಾಣು ಬಿಟ್ಟುಹೋಗಿದೆ ಅಂತಲೇ ಅರ್ಥ. ಮುಂದೆ ಹೋಗಬೇಡಿ.

ಹಾಲಿನ ಪ್ರೋಟೀನಿಗೆ −7 ಬಂತು. 12 ಲೈಸೀನ್, 1 ಆರ್ಜಿನೀನ್, 12 ಆಸ್ಪಾರ್ಟಿಕ್, 8 ಗ್ಲುಟಾಮಿಕ್. 13ರಲ್ಲಿ 20 ಕಳೆದರೆ −7. ತಾಳೆಯಾಯಿತು ಅಂತ ಸಮಾಧಾನವಾಗಿ ಮುಂದೆ ಹೋದೆ. ಇಲ್ಲಿ ಒಂದು ತಪ್ಪು ಉಳಿದಿತ್ತು. ಅದು ಆಮೇಲೆ ಬರುತ್ತದೆ.

ಎರಡನೇ ವಾರ: ಚೌಕಗಳ ಜಾಲ

ಎಪಿಬಿಎಸ್ ಪ್ರೋಟೀನಿನ ಸುತ್ತ ಒಂದು ಪೆಟ್ಟಿಗೆ ಕಟ್ಟಿ, ಅದರೊಳಗೆ ಜಾಲ ಹಾಕಿ, ಒಂದೊಂದು ಬಿಂದುವಿನಲ್ಲೂ ವಿಭವ ಲೆಕ್ಕ ಹಾಕುತ್ತದೆ. ನನ್ನ ಲ್ಯಾಪ್‌ಟಾಪ್ ಹಳೆಯದು, 4 ಜಿಬಿ ಮೆಮೊರಿ. ಭಾರವಾದೀತು ಅಂತ ಮೊದಲು ಒಂದೊಂದು ದಿಕ್ಕಿಗೆ 33 ಬಿಂದು ಮಾತ್ರ ಕೊಟ್ಟೆ. ಪೆಟ್ಟಿಗೆಯ ಬದಿ 65 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಬಂದ ಚಿತ್ರದಲ್ಲಿ ಬಣ್ಣ ತೇಪೆ ತೇಪೆಯಾಗಿ ಒಡೆದುಹೋಗಿತ್ತು, ಮಳೆಗೆ ನೆನೆದ ರಂಗೋಲಿ ಥರ.

ಕಾರಣ ಲೆಕ್ಕದಲ್ಲೇ ಇದೆ. 65ನ್ನು 32 ಸಂದುಗಳಿಗೆ ಹಂಚಿದರೆ ಒಂದು ಸಂದು 2 ಆಂಗ್‌ಸ್ಟ್ರಾಂ. ಎರಡು ಇಂಗಾಲದ ನಡುವಿನ ಕೊಂಡಿಯೇ 1.5. ಅಂದರೆ ಒಂದು ಪರಮಾಣುವಿಗೂ ಅದರ ಪಕ್ಕದ್ದಕ್ಕೂ ವ್ಯತ್ಯಾಸ ಕಾಣದಷ್ಟು ಒರಟು ಜಾಲ. 129 ಬಿಂದುಗಳಿಗೆ ಏರಿಸಿದೆ. ಸಂದು ಅರ್ಧ ಆಂಗ್‌ಸ್ಟ್ರಾಂಗೆ ಇಳಿಯಿತು. ಬಿಂದುಗಳು 21 ಲಕ್ಷ ದಾಟಿದವು, ಬೇಕಾದ ಮೆಮೊರಿ ಅರ್ಧ ಜಿಬಿಯೊಳಗೇ ಮುಗಿಯಿತು. ನಾನು ಹೆದರಿದಷ್ಟು ಭಾರ ಇರಲಿಲ್ಲ. ಈ ಸಂಖ್ಯೆಯನ್ನು ನಮಗೆ ಇಷ್ಟ ಬಂದಂತೆ ಕೊಡಲಾಗದು. 33, 65, 97, 129, 161 ಹೀಗೆ ಹೋಗಬೇಕು.

ಉಳಿದ ಅಳತೆಗಳು: ಪ್ರೋಟೀನಿನ ಒಳಗಿನ ಡೈಎಲೆಕ್ಟ್ರಿಕ್ ಸಂಖ್ಯೆ (ಚಾರ್ಜಿನ ಪ್ರಭಾವವನ್ನು ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನೋದು) 2, ನೀರಿಗೆ 78.54, ತಾಪಮಾನ 298.15 ಕೆಲ್ವಿನ್, ನೀರಿನ ಅಣುವಿನ ತ್ರಿಜ್ಯ 1.4 ಆಂಗ್‌ಸ್ಟ್ರಾಂ, ಉಪ್ಪು ಲೀಟರಿಗೆ 0.15 ಮೋಲ್. ಉಪ್ಪು ಬಿಟ್ಟು ಒಂದು ಸಲ, ಹಾಕಿ ಒಂದು ಸಲ ಓಡಿಸಿ ನೋಡಿ. ಉಪ್ಪು ಇಲ್ಲದಿದ್ದಾಗ ಲೈಸೊಝೈಮ್ ಇಡಿಯಾಗಿ ನೀಲಿಯಲ್ಲಿ ಮುಳುಗುತ್ತದೆ. ಉಪ್ಪು ಹಾಕಿದಾಗ ನೀಲಿ ತಗ್ಗಿ, ಬೇರೆ ಬೇರೆ ಮಚ್ಚೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಈ ಪ್ರಮಾಣದ ಉಪ್ಪಿನಲ್ಲಿ ಒಂದು ಚಾರ್ಜಿನ ಪ್ರಭಾವ ಸುಮಾರು 8 ಆಂಗ್‌ಸ್ಟ್ರಾಂ ದೂರದಲ್ಲೇ ಬಹಳಷ್ಟು ಕುಂದಿಬಿಡುತ್ತದೆ. ಸುತ್ತಲಿನ ಕ್ಲೋರೈಡ್‌ಗಳು ಬಂದು ಮುತ್ತಿಕೊಳ್ಳುವುದರಿಂದ ಹಾಗಾಗುತ್ತದೆ. ಈ ಎರಡು ಚಿತ್ರಗಳ ಹೋಲಿಕೆಯನ್ನು ಪೋಸ್ಟರಿಗೆ ಹಾಕಲಿಲ್ಲ, ಆದರೆ ತರಗತಿಯಲ್ಲಿ ತೋರಿಸಲು ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಣ್ಣ ವಿಷಯ. ಬಣ್ಣವನ್ನು ಮೇಲ್ಮೈಯ ಮೇಲೆ ಹಚ್ಚಿದರೂ, ಓದುವ ವಿಭವ ಮೇಲ್ಮೈಯಿಂದ 1.4 ಆಂಗ್‌ಸ್ಟ್ರಾಂ ಹೊರಗಿನದ್ದಾಗಿರಲಿ. ಕೈಮೆರಾಎಕ್ಸ್ ತಾನಾಗಿಯೇ ಹಾಗೆ ಮಾಡುತ್ತದೆ. ನಾನು ಕುತೂಹಲಕ್ಕೆ ಅದನ್ನು ಸೊನ್ನೆ ಮಾಡಿದೆ. ಚಿತ್ರದ ತುಂಬ ಉಪ್ಪು-ಖಾರ ಉದುರಿಸಿದ ಹಾಗೆ ಚುಕ್ಕೆಗಳು. ಇನ್ನೊಂದು ಅಣು ಹತ್ತಿರ ಬಂದಾಗ ಅದಕ್ಕೆ ಸಿಗೋದು ಹೊರಗಿನ ವಿಭವ ತಾನೇ? ವಾಪಸ್ 1.4 ಮಾಡಿದೆ.

ಮೂರನೇ ವಾರ: ಎದ್ದು ಬಂದ ಪ್ರೋಟೀನ್, ಉಳಿದುಹೋದ ಪೆಟ್ಟಿಗೆ

ಪೋಸ್ಟರಿನಲ್ಲಿ ಎರಡೂ ಒಂದೇ ಭಂಗಿಯಲ್ಲಿ ನಿಲ್ಲಬೇಕು. ಇಲ್ಲದಿದ್ದರೆ ಮೈಕಟ್ಟು ಒಂದೇ ಅಂತ ಯಾರಿಗೂ ಕಾಣುವುದಿಲ್ಲ. ಲೈಸೊಝೈಮ್ ಮೇಲೆ ಲ್ಯಾಕ್ಟಾಲ್ಬುಮಿನ್‌ನ್ನು ಹೊಂದಿಸಲು ಕೈಮೆರಾಎಕ್ಸ್‌ನ ಮ್ಯಾಚ್‌ಮೇಕರ್ ಅನ್ನುವ ಆದೇಶ ಓಡಿಸಿದೆ. ಎರಡರ ಬೆನ್ನೆಲುಬಿನ ಸುರುಳಿಗಳು ಒಂದರ ಮೇಲೊಂದು ಬಂದು ಕೂತವು. 1969ರಲ್ಲಿ ಇದನ್ನೇ ಊಹಿಸಿ ಕಟ್ಟಿದವರನ್ನು ನೆನೆದುಕೊಂಡು ಎರಡು ನಿಮಿಷ ಸುಮ್ನೆ ನೋಡುತ್ತಾ ಕೂತೆ.

ಆಮೇಲೆ ಬಣ್ಣ ಹಚ್ಚಿದೆ. ಲೈಸೊಝೈಮ್ ಸರಿಯಾಗಿ ಬಂತು. ಲ್ಯಾಕ್ಟಾಲ್ಬುಮಿನ್ ಮಾತ್ರ ವಿಚಿತ್ರ. ಬಹುಪಾಲು ಬಿಳಿ, ಅಲ್ಲಲ್ಲಿ ತೆಳು ಕೆಂಪು, ಒಂದು ಅಂಚಿನಲ್ಲಿ ಬೂದು ಬಣ್ಣದ ಪಟ್ಟೆ. −7 ಚಾರ್ಜ್ ಇರುವ ಪ್ರೋಟೀನ್ ಬಿಳಿ ಹೇಗಾಗುತ್ತದೆ?

ಒಂದು ಗುರುತಿನ ಜಾಗ ಹುಡುಕಿದೆ. ಈ ಪ್ರೋಟೀನಿನ ಸರಪಳಿಯಲ್ಲಿ 82, 83, 84, 87, 88ನೇ ಸ್ಥಾನದಲ್ಲಿರುವ ಐದೂ ಆಸ್ಪಾರ್ಟಿಕ್ ಆಮ್ಲಗಳು. ಒಂದೇ ಕಡೆ ಐದು ಋಣ ಚಾರ್ಜ್. ಇಡೀ ಮೈಯಲ್ಲಿ ಅತಿ ಕೆಂಪಾಗಿ ಕಾಣಬೇಕಾದ್ದು ಆ ತಿರುವು. ಅವುಗಳ ಮೇಲೆ ಹೆಸರು ಮೂಡಿಸಿ ನೋಡಿದರೆ, ಅಲ್ಲಿ ಬಿಳಿ!

ಚಾರ್ಜ್ ಕಡತ ತಿರುಗಿಸಿ ನೋಡಿದೆ, ಸರಿ ಇತ್ತು. ಮಿತಿ ನೋಡಿದೆ, −5ರಿಂದ +5, ಸರಿ. ಕೆಂಪು-ನೀಲಿ ಅದಲುಬದಲಾಗಿದೆಯಾ? ಇಲ್ಲ. ಕೊನೆಗೆ ಆ ಬೂದು ಪಟ್ಟೆಯನ್ನು ಹಿಡಿದೆ. ಕೈಮೆರಾಎಕ್ಸ್‌ನಲ್ಲಿ ಬೂದು ಅಂದರೆ ಆ ಜಾಗ ವಿಭವದ ಪೆಟ್ಟಿಗೆಯ ಹೊರಗಿದೆ ಅಂತ. ಪೆಟ್ಟಿಗೆಯ ಅಂಚುಗೆರೆ ಮೂಡಿಸಿದೆ. ಎಲ್ಲ ಅರ್ಥವಾಯಿತು. ಪ್ರೋಟೀನ್ ಎದ್ದು ಲೈಸೊಝೈಮ್ ಹತ್ತಿರ ಬಂದಿದೆ, ತಿರುಗಿಯೂ ಇದೆ. ಅದರ ವಿಭವದ ಪೆಟ್ಟಿಗೆ ಮಾತ್ರ ಹಳೇ ಜಾಗದಲ್ಲೇ ಕೂತಿದೆ. ನಾನು ನೋಡುತ್ತಿದ್ದ ಬಣ್ಣ ಖಾಲಿ ನೀರಿನ ವಿಭವ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ತಂತ್ರಾಂಶ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಕೊಡಲೂ ಆಗದು, ಯಾಕೆಂದರೆ ಅದರ ದೃಷ್ಟಿಯಲ್ಲಿ ಅಣು ಒಂದು ವಸ್ತು, ಪೆಟ್ಟಿಗೆ ಬೇರೆ ವಸ್ತು. ಪೆಟ್ಟಿಗೆ ಸ್ವಲ್ಪ ದೊಡ್ಡದಿದ್ದು ಪ್ರೋಟೀನ್ ಪೂರ್ತಿ ಅದರೊಳಗೇ ಉಳಿದಿದ್ದರೆ ಬೂದು ಪಟ್ಟೆಯೂ ಬರುತ್ತಿರಲಿಲ್ಲ. ನೋಡಲು ಚೆಂದದ, ಪೂರ್ತಿ ಸುಳ್ಳು ಚಿತ್ರ ಗೋಡೆ ಮೇಲೆ ಹೋಗುತ್ತಿತ್ತು. ಅದಕ್ಕೇ ಈಗ ಯಾವ ವಿಭವದ ಚಿತ್ರ ಮಾಡಿದರೂ, ಮೊದಲು ಒಂದು ಗೊತ್ತಿರುವ ಆಸ್ಪಾರ್ಟಿಕ್, ಒಂದು ಗೊತ್ತಿರುವ ಆರ್ಜಿನೀನ್ ಹುಡುಕಿ ಅವುಗಳ ಮೇಲಿನ ಬಣ್ಣ ನೋಡುತ್ತೇನೆ. ಅಡುಗೆ ಇಳಿಸುವ ಮುಂಚೆ ಒಂದು ಅಗುಳು ಹಿಚುಕಿ ನೋಡಿದ ಹಾಗೆ.

ಸರಿಮಾಡಲು ಎರಡು ದಾರಿ. ಅಣು ಎಲ್ಲಿದೆಯೋ ಪೆಟ್ಟಿಗೆಯನ್ನೂ ಅಲ್ಲಿಗೇ ಸರಿಸುವ ಆದೇಶ ಇದೆ, ಒಂದೇ ಸಾಲು. ಇನ್ನೊಂದು, ಮೊದಲು ಹೊಂದಿಸಿ, ಹೊಸ ಜಾಗದ ನಿರ್ದೇಶಾಂಕಗಳನ್ನು ಬೇರೆ ಕಡತಕ್ಕೆ ಉಳಿಸಿ, ಅಲ್ಲಿಂದ ಮುಂದೆ ಚಾರ್ಜ್, ಜಾಲ ಎಲ್ಲ ಹೊಸದಾಗಿ ಮಾಡುವುದು. ನಾನು ಎರಡನೆಯದನ್ನೇ ಮಾಡಿದೆ. ಕಡತಗಳನ್ನು ಮುಚ್ಚಿ ಮುಂದಿನ ವರ್ಷ ತೆರೆದರೂ ಅಣು ಮತ್ತು ಪೆಟ್ಟಿಗೆ ಜೊತೆಯಲ್ಲೇ ಇರುತ್ತವೆ.

ಕಾಣೆಯಾದ ಕ್ಯಾಲ್ಸಿಯಂ

ಹೊಸ ಚಿತ್ರದಲ್ಲಿ ಆ ತಿರುವು ಕಡು ಕೆಂಪಾಗಿ ಎದ್ದು ಕಂಡಿತು. ಖುಷಿಯಾಯಿತು. ಆದರೆ ರಾತ್ರಿ ಮಲಗುವಾಗ ಒಂದು ಅನುಮಾನ ಕಾಡಿತು. ಐದು ಋಣ ಚಾರ್ಜ್ ಒಂದೇ ಕಡೆ ಯಾಕೆ ಕೂತಿವೆ? ಒಂದನ್ನೊಂದು ತಳ್ಳುವುದಿಲ್ವಾ? ಅವು ಅಲ್ಲಿರೋದೇ ಕ್ಯಾಲ್ಸಿಯಂ ಹಿಡಿಯೋಕೆ. 82, 87, 88ರ ಆಮ್ಲದ ತುದಿಗಳು, 79 ಮತ್ತು 84ರ ಬೆನ್ನೆಲುಬಿನ ಆಮ್ಲಜನಕಗಳು, ಜೊತೆಗೆ ಎರಡು ನೀರಿನ ಅಣು, ಒಟ್ಟು ಏಳು ಕೈಗಳು ಒಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದಿವೆ. ನನ್ನ ಲೆಕ್ಕದಲ್ಲಿ ಆ ಕ್ಯಾಲ್ಸಿಯಂ ಎಲ್ಲಿ?

ಬೆಳಿಗ್ಗೆ ಎದ್ದವಳೇ ಚಾರ್ಜ್ ಕಡತದಲ್ಲಿ ಸಿಎ ಅಂತ ಹುಡುಕಿದೆ. ನೂರಕ್ಕಿಂತ ಜಾಸ್ತಿ ಸಿಕ್ಕವು! ಕಾರಣ ಏನಂದರೆ, ಪ್ರತಿ ಅಮೈನೋ ಆಮ್ಲದ ಆಲ್ಫಾ ಇಂಗಾಲಕ್ಕೂ ಹೆಸರು ಸಿಎ, ಕ್ಯಾಲ್ಸಿಯಂಗೂ ಸಿಎ. ಮೂಲ ಕಡತದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಕ್ಷರದ ಸ್ಥಾನ. ಕ್ಯಾಲ್ಸಿಯಂ ಒಂದು ಮನೆ ಎಡಕ್ಕೆ ಶುರುವಾಗುತ್ತದೆ. ಹಾಗೆ ನೋಡಿದಾಗ ಮೂಲದಲ್ಲಿ ಕ್ಯಾಲ್ಸಿಯಂ ಇತ್ತು, ನನ್ನ ಚಾರ್ಜ್ ಕಡತದಲ್ಲಿ ಇರಲಿಲ್ಲ. ನೀರಿನ ಅಣುಗಳನ್ನು ತೆಗೆಯುವಾಗ, ಚಾರ್ಜ್ ಹಚ್ಚುವಾಗ ಎಲ್ಲೋ ಉದುರಿಹೋಗಿತ್ತು. ನಾನು ಕೈಯಲ್ಲಿ ಕೂಡಿದ −7 ಸಹ ಬರೀ ಅಮೈನೋ ಆಮ್ಲಗಳ ಲೆಕ್ಕ. ಎರಡೂ ಒಂದೇ ಥರ ತಪ್ಪಿದ್ದರಿಂದ ತಾಳೆಯಾಗಿತ್ತು.

ಹೊಂದಿಸಿ ಉಳಿಸಿದ ಕಡತದಿಂದ ಕ್ಯಾಲ್ಸಿಯಂನ ನಿರ್ದೇಶಾಂಕ ತೆಗೆದುಕೊಂಡು, ಚಾರ್ಜ್ ಕಡತದ ಕೊನೆಗೆ ಒಂದು ಸಾಲು ಕೈಯಾರೆ ಬರೆದೆ. ಚಾರ್ಜ್ 2.0, ತ್ರಿಜ್ಯ 1.7 ಆಂಗ್‌ಸ್ಟ್ರಾಂ. ಮೊತ್ತ −5 ಆಯಿತು. ಮತ್ತೆ ಎಪಿಬಿಎಸ್ ಓಡಿಸಿದೆ. ಆ ತಿರುವಿನ ಕಡು ಕೆಂಪು ಇಳಿದು ತೆಳು ಗುಲಾಬಿಯಾಯಿತು. ಒಂದು ಅಯಾನು, ಒಂದು ಸಾಲು, ಚಿತ್ರದ ಮುಖ್ಯ ಮಚ್ಚೆಯೇ ಬದಲಾಯಿತು. ಉಳಿದ ಮೈ ಕೆಂಪಾಗಿಯೇ ಇತ್ತು. ಅದು ನಿಜವಾದ ಕೆಂಪು.

ನಾಲ್ಕನೇ ವಾರ: ಪ್ರಿಂಟು

ಊರಿನ ಪ್ರಿಂಟಿಂಗ್ ಅಂಗಡಿಗೆ ಪೆನ್‌ಡ್ರೈವ್ ತಗೊಂಡು ಹೋದೆ. ಅಂಗಡಿಯ ಹುಡುಗ, "ಮೇಡಂ, ಮೊದ್ಲು ಒಂದು ಬ್ಲಾಕ್ ಅಂಡ್ ವೈಟ್ ಎ4 ತೆಗೀಲಾ, ಅಕ್ಷರ ಸರಿ ಇದೆಯಾ ನೋಡ್ಕೊಳ್ಳಿ" ಅಂದ. ತೆಗೆದ. ಅಕ್ಷರ ಸರಿ ಇತ್ತು. ಆದರೆ ಎರಡು ಪ್ರೋಟೀನೂ ಒಂದೇ ಥರ ಕಂಡವು! ಎರಡೂ ಕಪ್ಪು ಮಚ್ಚೆಗಳ ಉಂಡೆಗಳು. ಯಾವುದು ಧನ, ಯಾವುದು ಋಣ ಅಂತ ಹೇಳೋಕೇ ಆಗಲ್ಲ.

ಶುದ್ಧ ಕೆಂಪನ್ನು ಬೂದುಬಣ್ಣಕ್ಕೆ ಇಳಿಸಿದರೆ 255ರಲ್ಲಿ 76 (0 ಅಂದರೆ ಕಪ್ಪು, 255 ಅಂದರೆ ಬಿಳಿ) ಬರುತ್ತದೆ, ಶುದ್ಧ ನೀಲಿಯನ್ನು ಇಳಿಸಿದರೆ 29. ಎರಡೂ ಗಾಢ. ಬಿಳಿ ಮಾತ್ರ ಬೇರೆ. ನಮ್ಮ ಮಕ್ಕಳು ನೋಟ್ಸ್ ಜೆರಾಕ್ಸ್ ಮಾಡಿಸೋದು ಕಪ್ಪುಬಿಳುಪಿನಲ್ಲೇ. ಅವರ ಕೈಗೆ ಇಷ್ಟು ವರ್ಷ ಸಿಕ್ಕಿದ್ದು ಈ ಥರದ ಚಿತ್ರವೇ ಇರಬೇಕು. ಬಣ್ಣ ಬದಲಿಸಿ ನೋಡಿದೆ. ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣದಲ್ಲಿ ಹೇಳುವುದಾದರೆ ಕೆಂಪಿಗೆ 202, 0, 32, ನೀಲಿಗೆ 5, 113, 176. ಇವು ಕಣ್ಣಿಗೆ ಹಿತ, ಆದರೆ ಬೂದಿನಲ್ಲಿ 64 ಮತ್ತು 88. ಇಲ್ಲೂ ಅಂತರ ಸಾಲದು. ಬಣ್ಣವೊಂದರಿಂದಲೇ ಇದು ಬಗೆಹರಿಯೋದಿಲ್ಲ ಅಂತ ಗೊತ್ತಾಗಿ, ದೊಡ್ಡ ಮಚ್ಚೆಗಳ ಮೇಲೆ + ಮತ್ತು − ಗುರುತುಗಳನ್ನೇ ಬರೆದೆ.

ಹೊಸ ನೀಲಿಯಿಂದ ಇನ್ನೊಂದು ಲಾಭವಾಯಿತು. ಪರದೆಯ ಶುದ್ಧ ನೀಲಿ ಶಾಯಿಯಲ್ಲಿ ನೇರಳೆ ಆಗಿಬಿಡುತ್ತದೆ. ಮೊದಲ ಬಣ್ಣದ ಪ್ರೂಫಿನಲ್ಲಿ ಲೈಸೊಝೈಮ್ ಬದನೆಕಾಯಿ ಥರ ಬಂದಿತ್ತು. ಹೊಸದು ನೀಲಿಯಾಗಿಯೇ ಉಳಿಯಿತು. ನೆರಳು, ಹೊಳಪು ಎರಡನ್ನೂ ತೆಗೆದೆ. ನೆರಳು ಬಿದ್ದ ಬಿಳಿ ಬೂದಾಗಿ, ಹೊಳಪು ಬಿದ್ದ ನೀಲಿ ಬಿಳಿಯಾಗಿ ಕಂಡರೆ ಅಳತೆಪಟ್ಟಿ ಇಟ್ಟು ಏನು ಪ್ರಯೋಜನ?

ಕಾಮನಬಿಲ್ಲಿನ ಬಣ್ಣಪಟ್ಟಿ ಹಾಕಬಹುದಿತ್ತಲ್ಲ ಅಂತ ಒಬ್ಬರು ಕೇಳಿದರು. ಸಣ್ಣ ಅಣುಗಳ ಚಿತ್ರಗಳಲ್ಲಿ ಅದು ಬಹಳ ಕಾಣಸಿಗುತ್ತದೆ, ನಡುವೆ ಹಸಿರು, ಹಳದಿ ಎಲ್ಲ ಇರುತ್ತದೆ. ನನಗೆ ಇಷ್ಟವಿಲ್ಲ. ಸೊನ್ನೆಗೆ ಬಣ್ಣವೇ ಇರಬಾರದು. ಹಳದಿಯಿಂದ ಹಸಿರಿಗೆ ತಿರುಗುವ ಕಡೆ ಏನೋ ದೊಡ್ಡದು ನಡೆದಿದೆ ಅಂತ ಕಣ್ಣಿಗೆ ಅನಿಸುತ್ತದೆ, ವಿಭವದಲ್ಲಿ ಅಲ್ಲಿ ಏನೂ ಆಗಿರುವುದಿಲ್ಲ. ಜೊತೆಗೆ ನನ್ನ ತರಗತಿಯಲ್ಲಿ ಕೆಂಪು-ಹಸಿರು ಬೇರೆ ಮಾಡಲಾಗದ ಹುಡುಗನೊಬ್ಬ ಇದ್ದಾನೆ. ಕೆಂಪು-ಬಿಳಿ-ನೀಲಿ ಅವನಿಗೂ ಸರಿಯಾಗಿ ಕಂಡಿತು. ತೋರಿಸಿಯೇ ಪ್ರಿಂಟಿಗೆ ಕೊಟ್ಟೆ.

ಚಿತ್ರಗಳ ಕೆಳಗೆ ಬಣ್ಣದ ಪಟ್ಟಿ ಹಾಕಿ ಹೀಗೆ ಬರೆಸಿದೆ: "ಎರಡಕ್ಕೂ ಮಿತಿ −5ರಿಂದ +5 ಕೆಟಿ/ಇ, ಅಂದರೆ ಸುಮಾರು −128ರಿಂದ +128 ಮಿಲಿವೋಲ್ಟ್. ಪಿಎಚ್ 7, ಉಪ್ಪು 0.15 ಮೋಲ್. ಕ್ಯಾಲ್ಸಿಯಂ ಸೇರಿದೆ. ಒಟ್ಟು ಚಾರ್ಜ್: ಲೈಸೊಝೈಮ್ +8, ಲ್ಯಾಕ್ಟಾಲ್ಬುಮಿನ್ −5. ಈ ಬಣ್ಣಗಳು ಪ್ರೋಟೀನಿನ ನಿಜವಾದ ಬಣ್ಣವಲ್ಲ."

ಪ್ರದರ್ಶನದ ದಿನ

ಕೊನೆಯ ಸಾಲು ಬರೆಸಿದ್ದಕ್ಕೂ ಸಾರ್ಥಕವಾಯಿತು. "ಮೇಡಂ, ಮೊಟ್ಟೆ ಒಳಗೆ ನೀಲಿ ಇರಲ್ವಲ್ಲ?" ಅಂತ ಕೇಳಿದ ಪುಟ್ಟ ಮಕ್ಕಳು ಹತ್ತಕ್ಕೂ ಜಾಸ್ತಿ. ಫಿಸಿಕ್ಸ್ ಮೇಷ್ಟ್ರು ಬಂದು ಮಿಲಿವೋಲ್ಟ್ ಸಾಲು ಓದಿ, ಪಕ್ಕದಲ್ಲಿ ನಿಂತಿದ್ದ ಪೋಷಕರಿಗೆ ತಾವೇ ವಿವರಿಸತೊಡಗಿದರು.

ಮಧ್ಯಾಹ್ನ ಎರಡನೇ ಪಿಯುಸಿ ಹುಡುಗಿಯೊಬ್ಬಳು ಬಹಳ ಹೊತ್ತು ಲೈಸೊಝೈಮ್ ಮುಂದೆ ನಿಂತಿದ್ದಳು. "ಮೇಡಂ, ಇಷ್ಟು ನೀಲಿ ಮಧ್ಯೆ ಈ ಸೀಳು ಮಾತ್ರ ಯಾಕೆ ಕೆಂಪು?" ಅಂದಳು. ಅಲ್ಲೇ 35ನೇ ಗ್ಲುಟಾಮಿಕ್ ಆಮ್ಲ, 52ನೇ ಆಸ್ಪಾರ್ಟಿಕ್ ಆಮ್ಲ ಇರೋದು, ಬ್ಯಾಕ್ಟೀರಿಯಾದ ಗೋಡೆಯ ಸಕ್ಕರೆ ಸರಪಳಿ ಬಂದು ಕೂರೋದು, ಕತ್ತರಿಸುವ ಕೆಲಸ ನಡೆಯೋದು ಅಲ್ಲೇ ಅಂದೆ. "ಪಿಎಚ್ ಕಡಿಮೆ ಮಾಡಿದ್ರೆ ಆ ಕೆಂಪು ಹೋಗುತ್ತಾ?" ಅಂದಳು.

ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಪಿಎಚ್ 5 ಅಂತ ಅವಳ ಕೈಯಲ್ಲೇ ಟೈಪ್ ಮಾಡಿಸಿದೆ. ಮೊತ್ತ +10 ಬಂತು. ಎರಡು ಎಲ್ಲಿಂದ ಬಂತು ಹುಡುಕು ಅಂದೆ. ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಓದುತ್ತಾ ಹೋದಳು. 15ನೇ ಹಿಸ್ಟಿಡೀನಿಗೆ ಒಂದು ಜಲಜನಕ ಜಾಸ್ತಿ ಬಂದಿತ್ತು. ಇನ್ನೊಂದು 35ನೇ ಗ್ಲುಟಾಮಿಕ್‌ಗೆ. ಆ ಆಮ್ಲ ಪ್ರೋಟಾನನ್ನು ಸುಲಭಕ್ಕೆ ಬಿಡುವುದಿಲ್ಲ. ಪ್ರಯೋಗದಲ್ಲಿ ಅಳೆದಾಗ ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) ಸುಮಾರು 6.2, ಮಾಮೂಲು ಗ್ಲುಟಾಮಿಕ್ ಆಮ್ಲಕ್ಕಿಂತ ಬಹಳ ಮೇಲೆ. ಹಾಗೆ ಹಿಡಿದಿಟ್ಟುಕೊಂಡ ಪ್ರೋಟಾನನ್ನೇ ಅದು ಸರಪಳಿ ಕತ್ತರಿಸುವಾಗ ಕೊಡುತ್ತದೆ.

ಎಪಿಬಿಎಸ್ ಓಡಿ ಮುಗಿಯುವವರೆಗೆ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಬಣ್ಣ ಮೂಡಿತು. ಸೀಳಿನ ಕೆಂಪು ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. 52ರ ಹತ್ತಿರ ಮಾತ್ರ ಇನ್ನೂ ಒಂದು ಚೂರು ಉಳಿದಿತ್ತು. ಅವಳು ಪರದೆಯ ಮೇಲೆ ಅದನ್ನೇ ಬೆರಳಿಟ್ಟು ತೋರಿಸಿದಳು. "ಪಿಎಚ್ 3ಕ್ಕೆ ಇಳಿಸಿ ನೋಡೋಣ್ವಾ ಮೇಡಂ?" ಅಂತ ಕೇಳಿ, ನಾನು ಹೂಂ ಅನ್ನುವ ಮೊದಲೇ ಟೈಪ್ ಮಾಡತೊಡಗಿದಳು.